ಪಿಜಿಒ ಹಾಕಿದರೂ ಲೈಬ್ರರಿ ವೇಗವಾಗಿಲ್ಲವೇ? ಎಲ್ಲೆಲ್ಲಿ ನೋಡಬೇಕು

ಶಿವಮೊಗ್ಗದಲ್ಲಿ ನಾವು ಮೂವರು ಸೇರಿ ಒಂದು ಸಿ ಪ್ಲಸ್ ಪ್ಲಸ್ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಮ್ ಕರೆದು ಬಳಸುವ ಕೋಡು, ಬರೆದಿದ್ದೇವೆ. ನುಡಿ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಕಡತಗಳನ್ನು ಯುನಿಕೋಡ್‌ಗೆ ಬದಲಾಯಿಸುವುದು ಅದರ ಕೆಲಸ. ತೀರ್ಥಹಳ್ಳಿ, ಸಾಗರ, ಹೊಸನಗರದ ಡಿಟಿಪಿ ಅಂಗಡಿಗಳಲ್ಲಿ, ಸಹಕಾರ ಸಂಘಗಳಲ್ಲಿ ವರ್ಷಗಟ್ಟಲೆ ಟೈಪ್ ಮಾಡಿಟ್ಟ ಕಡತಗಳು ಇನ್ನೂ ಹಾಗೇ ಬಿದ್ದಿವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಒಂದಕ್ಷರವೂ ಓದಲು ಬರುವುದಿಲ್ಲ. ಅವನ್ನೆಲ್ಲ ಉಳಿಸಬೇಕು ಅನ್ನುವುದು ನಮ್ಮ ಆಸೆ. ಕಡತಗಳು ಜಾಸ್ತಿ, ನಮ್ಮ ಹತ್ತಿರ ಇರುವ ಯಂತ್ರ ಒಂದೇ. ಹಾಗಾಗಿ ವೇಗ ಬೇಕು.

ಪಿಜಿಒ, ಅಂದರೆ ಪ್ರೊಫೈಲ್ (ಕೋಡು ಹೇಗೆ ಓಡಿತು ಎಂಬ ದಾಖಲೆ) ನೋಡಿ ಕಂಪೈಲ್ ಮಾಡುವ ವಿಧಾನ, ಇದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಹಾಕಿದೆವು. ಮಾರನೇ ದಿನ ಬೆಳಿಗ್ಗೆ ತಂಡದ ಕಿರಿಯ ಹುಡುಗ ಬಂದು, "ಅಣ್ಣ, ಹೊಸ ಬಿಲ್ಡ್ ಹಳೇದಕ್ಕಿಂತ ನಿಧಾನ ಇದೆ ಅಲ್ವಾ?" ಅಂದ. ಅವನ ಅಂಕಿ ನೋಡಿದರೆ ಹೌದು. ಅಲ್ಲಿಂದ ಹದಿನೈದು ದಿನ ನಾವು ಹುಡುಕಿದ್ದನ್ನು ಈಗ ಹುಡುಕುವವರಿಗೆ ಅನುಕೂಲ ಆಗುವ ಕ್ರಮದಲ್ಲಿ ಬರೆಯುತ್ತಿದ್ದೇನೆ. ನಾವು ಇದೇ ಕ್ರಮದಲ್ಲಿ ಹುಡುಕಿದ್ದರೆ ಎರಡು ದಿನ ಸಾಕಿತ್ತು.

ಫ್ಲ್ಯಾಗ್‌ಗಳ (ಕಂಪೈಲರ್‌ಗೆ ಕೊಡುವ ಸೂಚನೆಗಳ) ಹೆಸರನ್ನು ಬಾಯಲ್ಲಿ ಹೇಳುವ ಹಾಗೆಯೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಮುಂದೆ ಮೈನಸ್ ಗುರುತು ಸೇರಿಸಿಕೊಳ್ಳಿ. ಕಂಪೈಲರ್ ಅಂದರೆ ಬರೆದ ಕೋಡನ್ನು ಯಂತ್ರದ ಭಾಷೆಗೆ ತರುವ ಸಾಧನ, ನಾವು ಬಳಸುವುದು ಜಿಸಿಸಿ ಎಂಬ ಕಂಪೈಲರ್. ಕ್ಲ್ಯಾಂಗ್ ಬಳಸುವವರಿಗೆ ಕೊನೆಯ ಕಡೆ ಸ್ವಲ್ಪ ಇದೆ.

ಪಿಜಿಒ ಏನು ಮಾಡುತ್ತದೆ

ಮೊದಲು ಎಫ್‌ಪ್ರೊಫೈಲ್-ಜನರೇಟ್ ಹಾಕಿ ಲೈಬ್ರರಿ ಕಟ್ಟುತ್ತೇವೆ. ಕಂಪೈಲರ್ ಕೋಡಿನ ಒಳಗೆ ಕೌಂಟರ್‌ಗಳನ್ನು ಕೂರಿಸುತ್ತದೆ. ಹೀಗೆ ಕಟ್ಟಿದ ಬಿಲ್ಡನ್ನು ಒಂದಿಷ್ಟು ಕಡತಗಳ ಮೇಲೆ ಓಡಿಸುತ್ತೇವೆ. ಇದೇ ಟ್ರೈನಿಂಗ್ ರನ್. ಯಾವ ದಾರಿಯಲ್ಲಿ ಎಷ್ಟು ಸಲ ಹೋಯಿತು ಎಂಬ ಎಣಿಕೆ ಜಿಸಿಡಿಎ ಎಂಬ ಕಡತಗಳಲ್ಲಿ ಕೂರುತ್ತದೆ. ಆಮೇಲೆ ಎಫ್‌ಪ್ರೊಫೈಲ್-ಯೂಸ್ ಹಾಕಿ ಮತ್ತೆ ಕಟ್ಟುತ್ತೇವೆ. ಈ ಸಲ ಕಂಪೈಲರ್ ಊಹೆ ಮಾಡುವುದಿಲ್ಲ, ಎಣಿಕೆ ನೋಡುತ್ತದೆ. ಜಾಸ್ತಿ ಓಡುವ ಕೋಡನ್ನು ಒಂದರ ಪಕ್ಕ ಒಂದು ಇಡುತ್ತದೆ. ಅಪರೂಪದ್ದನ್ನು ದೂರಕ್ಕೆ ಸರಿಸುತ್ತದೆ. ಯಾವ ಫಂಕ್ಷನನ್ನು ಕರೆದ ಜಾಗದಲ್ಲೇ ಬಿಚ್ಚಿ ಹಾಕಬೇಕು, ಯಾವ ಲೂಪನ್ನು ಬಿಡಿಸಬೇಕು ಅನ್ನುವುದೂ ಆ ಎಣಿಕೆಯಿಂದಲೇ ತೀರ್ಮಾನ ಆಗುತ್ತದೆ.

ಮಲೆನಾಡಿನ ಅಂಗಡಿಗಳನ್ನು ನೋಡಿ. ಜೂನ್ ಬಂತೆಂದರೆ ಛತ್ರಿ, ಟಾರ್ಪಲ್, ರೈನ್‌ಕೋಟು, ಕಂಬಳಿ ಎಲ್ಲ ಮುಂದಕ್ಕೆ ಬರುತ್ತವೆ. ಬೇಸಿಗೆಯ ಸಾಮಾನು ಅಟ್ಟ ಹತ್ತುತ್ತದೆ. ವ್ಯಾಪಾರ ನೋಡಿ ಅಂಗಡಿ ಜೋಡಿಸುವುದು. ಪಿಜಿಒ ಅಂದರೆ ಇದೇ.

ನಮ್ಮ ಕೋಡಿಗೆ ಇದು ಚೆನ್ನಾಗಿ ಒಗ್ಗಬೇಕು. ನುಡಿಯ ಹಳೆಯ ಪಠ್ಯದಲ್ಲಿ ಅಕ್ಷರಗಳು ಇರುವುದಿಲ್ಲ, ಅಕ್ಷರದ ತುಂಡುಗಳು ಇರುತ್ತವೆ. ಒಂದೊಂದು ತುಂಡಿಗೂ ಕೇಳಬೇಕು: ಇದು ಗುಣಿತದ ಗುರುತಾ? ಒತ್ತಕ್ಷರವಾ? ದೀರ್ಘವಾ? ಅರ್ಕಾವತ್ತಾ? "ಸೂರ್ಯ" ಅನ್ನುವ ಪದದಲ್ಲಿ ನುಡಿ ಅರ್ಕಾವತ್ತನ್ನು ಯಕಾರದ ಆಚೆ ಇಡುತ್ತದೆ. ಯುನಿಕೋಡ್‌ನಲ್ಲಿ ರಕಾರ ಯಕಾರಕ್ಕಿಂತ ಮೊದಲು ಬರಬೇಕು. ಅಂದರೆ ಆಗಲೇ ಬರೆದದ್ದನ್ನು ಹಿಂದೆ ಹೋಗಿ ತಿದ್ದಬೇಕು. ಇಡೀ ಲೈಬ್ರರಿ ತುಂಬ ಇಂಥ ಕವಲುಗಳೇ. ಇವುಗಳಲ್ಲಿ ಯಾವ ಕವಲು ಜಾಸ್ತಿ ಓಡುತ್ತದೆ ಎಂದು ಕಂಪೈಲರ್‌ಗೆ ತಾನಾಗಿ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ಙ, ಞ ಎಷ್ಟು ಕಡಿಮೆ ಬರುತ್ತವೆ ಅನ್ನುವುದು ನಮಗೆ ಗೊತ್ತು, ಅದಕ್ಕೆ ಗೊತ್ತಿಲ್ಲ.

ಇಲ್ಲಿ ಒಂದು ಮಾತು ಮುಖ್ಯ. ಪಿಜಿಒ ಬಗ್ಗೆ ಬರೆದಿರುವ ಪಾಠಗಳು ಸಾಮಾನ್ಯವಾಗಿ ಒಂದು ಪ್ರೋಗ್ರಾಮನ್ನು ಇಟ್ಟುಕೊಂಡು ಹೇಳುತ್ತವೆ. ಲೈಬ್ರರಿಯ ಕಥೆ ಬೇರೆ. ಲೈಬ್ರರಿ ಬಾಡಿಗೆ ಮನೆಯಲ್ಲಿ ಇದ್ದ ಹಾಗೆ. ಯಾವಾಗ ಶುರುವಾಗಬೇಕು, ಯಾವಾಗ ಮುಗಿಯಬೇಕು, ಎಷ್ಟು ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಮ್) ಇರಬೇಕು, ಯಾವ ಯೂಸರ್ ಹೆಸರಲ್ಲಿ ಓಡಬೇಕು, ಇದು ಯಾವುದೂ ಅದರ ಕೈಯಲ್ಲಿಲ್ಲ. ನಮ್ಮ ಲೈಬ್ರರಿಯನ್ನು ಓಡಿಸುವುದು ಪೈಥಾನ್. ನಮಗೆ ಸಿಕ್ಕ ದೋಷಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲಿಂದಲೇ ಬಂದವು.

ಮೊದಲು ಅಳತೆ

ದೋಷ ಹುಡುಕುವ ಮೊದಲು ದೋಷ ಇದೆಯಾ ಎಂದು ಖಚಿತ ಮಾಡಿಕೊಳ್ಳಿ. ಆ ಹುಡುಗ ಹಳೆಯ ಬಿಲ್ಡನ್ನು ಮಧ್ಯಾಹ್ನ ಅಳೆದಿದ್ದ. ಹೊಸದನ್ನು ಸಂಜೆ ಅವನ ಮನೆಯಲ್ಲಿ ಅಳೆದಿದ್ದ. ಜುಲೈ ತಿಂಗಳು. ಸಂಜೆ ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗಿತ್ತು. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡುತ್ತಿತ್ತು. ಬ್ಯಾಟರಿಗೆ ಬಂದ ತಕ್ಷಣ ಪ್ರೊಸೆಸರಿನ ವೇಗ ಇಳಿಸುವ ಸೆಟ್ಟಿಂಗ್ ಅದರಲ್ಲಿತ್ತು. ಅವನು ಮಾಡಿದ್ದು ಸರಿಯಾದ ಕೆಲಸವೇ, ಆದರೆ ಎರಡು ಅಳತೆಯ ನಡುವೆ ಯಂತ್ರವೇ ಬದಲಾಗಿತ್ತು. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಕೂತು ವೇಗ ಅಳೆಯುವವರು ಚಾರ್ಜರ್ ದೀಪ ನೋಡಿಕೊಂಡೇ ಶುರು ಮಾಡಬೇಕು.

ಈಗ ನಾವು ಮಾಡುವುದು ಹೀಗೆ. ಹಳೆಯದು, ಹೊಸದು, ಹಳೆಯದು, ಹೊಸದು ಎಂದು ಒಂದರ ಹಿಂದೆ ಒಂದರಂತೆ ಓಡಿಸುತ್ತೇವೆ. ಕಡಿಮೆ ಅಂದರೆ ಹತ್ತು ಸುತ್ತು. ಸರಾಸರಿ ನೋಡುವುದಿಲ್ಲ, ನಡುವಿನ ಅಂಕಿ ಮತ್ತು ಅತಿ ಕಡಿಮೆ ಅಂಕಿ ನೋಡುತ್ತೇವೆ. ಜೊತೆಗೆ ಲಿನಕ್ಸ್‌ನಲ್ಲಿ ವೇಗ ಅಳೆಯುವ ಪರ್ಫ್ ಸಾಧನದ ಸ್ಟ್ಯಾಟ್ ಓಡಿಸಿ, ಎಷ್ಟು ಇನ್ಸ್‌ಟ್ರಕ್ಷನ್ ಆಯಿತು, ಮುಂದೆ ಯಾವ ಕವಲು ಎಂಬ ಪ್ರೊಸೆಸರಿನ ಊಹೆ ಎಷ್ಟು ಸಲ ತಪ್ಪಿತು ಎಂದು ಬರೆದುಕೊಳ್ಳುತ್ತೇವೆ. ಪ್ರೊಸೆಸರ್ ನಿಧಾನ ಆದರೆ ಸೆಕೆಂಡು ಬದಲಾಗುತ್ತದೆ, ಇನ್ಸ್‌ಟ್ರಕ್ಷನ್ ಎಣಿಕೆ ಅಷ್ಟಾಗಿ ಬದಲಾಗುವುದಿಲ್ಲ. ಎರಡು ಬಿಲ್ಡ್‌ಗಳ ಈ ಎಣಿಕೆಗಳು ಹೆಚ್ಚುಕಡಿಮೆ ಒಂದೇ ಇದ್ದರೆ, ಪ್ರೊಫೈಲ್ ಕಂಪೈಲರ್‌ಗೆ ತಲುಪಿಯೇ ಇಲ್ಲ ಎಂದು ಅನುಮಾನ ಪಡಿ.

ಇನ್ನು ಎರಡು ಸಣ್ಣ ಪರೀಕ್ಷೆ ಇಲ್ಲೇ ಮುಗಿಸಿ. ಪೈಥಾನ್ ನಿಜವಾಗಿ ಯಾವ ಲೈಬ್ರರಿಯನ್ನು ತೆರೆದಿದೆ? ಓಡುತ್ತಿರುವ ಪ್ರೊಸೆಸ್‌ನ ನಂಬರ್ ಹಿಡಿದು, ಪ್ರೊಕ್ ಫೋಲ್ಡರಿನೊಳಗಿನ ಮ್ಯಾಪ್ಸ್ ಕಡತ ನೋಡಿ. ತೆರೆದಿರುವ ಲೈಬ್ರರಿಯ ಪೂರ್ತಿ ದಾರಿ ಅಲ್ಲಿರುತ್ತದೆ. ಸಿಸ್ಟಂ ಫೋಲ್ಡರಿನಲ್ಲಿ ಆರು ತಿಂಗಳ ಹಿಂದೆ ಹಾಕಿದ ಹಳೆಯ ಪ್ರತಿ ಅಲ್ಲಿ ಕಂಡರೆ ನಿಮ್ಮ ದೋಷ ಸಿಕ್ಕಿತು. ಎರಡನೆಯದು, ಹೊಸ ಬಿಲ್ಡ್ ಸ್ವಲ್ಪ ಅಲ್ಲ, ತುಂಬಾ ನಿಧಾನ ಇದ್ದರೆ, ಕೌಂಟರ್ ಕೂರಿಸಿದ ಬಿಲ್ಡನ್ನೇ ಓಡಿಸುತ್ತಿರಬಹುದು. ಲೈಬ್ರರಿ ಕಡತದ ಮೇಲೆ ಸ್ಟ್ರಿಂಗ್ಸ್ ಕಮಾಂಡ್ ಹಾಕಿ ಜಿಸಿಡಿಎ ಅಕ್ಷರಗಳನ್ನು ಹುಡುಕಿ. ಸಿಕ್ಕರೆ ಅದು ಎಣಿಕೆಯ ಬಿಲ್ಡ್. ಬಳಕೆಗೆ ಕೊಡುವ ಬಿಲ್ಡ್‌ನಲ್ಲಿ ಅದು ಇರಬಾರದು.

ಎಣಿಕೆಯ ಕಡತ ಹುಟ್ಟಿದೆಯಾ

ಟ್ರೈನಿಂಗ್ ರನ್ ಆದ ಮೇಲೆ ಜಿಸಿಡಿಎ ಕಡತಗಳ ಸಮಯ ನೋಡಿ. ಈಗಷ್ಟೇ ಬರೆದಿರಬೇಕು. ನಮ್ಮಲ್ಲಿ ಕಡತಗಳಿದ್ದವು, ಆದರೆ ಹಿಂದಿನ ವಾರದ್ದು. ಎಣಿಕೆ ಬರೆಯದೇ ಹೋಗಲು ಕಾರಣ ಏನು ಎಂದು ಹುಡುಕಲು ನಮಗೆ ಮೂರು ದಿನ ಹಿಡಿಯಿತು.

ಕಾರಣ ಇದು. ಜಿಸಿಸಿಯ ಕೌಂಟರ್‌ಗಳು ಮೆಮೊರಿಯಲ್ಲಿ ಇರುತ್ತವೆ. ಪ್ರೊಸೆಸ್ ಸರಿಯಾಗಿ ಮುಗಿಯುವಾಗ ಮಾತ್ರ ಕಡತಕ್ಕೆ ಇಳಿಯುತ್ತವೆ. ಪ್ರೊಸೆಸನ್ನು ಕಿಲ್ ಮೈನಸ್ ಒಂಬತ್ತು ಹಾಕಿ ಕೊಂದರೆ ಎಣಿಕೆ ಅಲ್ಲೇ ಹೋಯಿತು. ಇಷ್ಟು ನಮಗೆ ಗೊತ್ತಿತ್ತು, ನಾವು ಕೊಂದಿರಲಿಲ್ಲ. ಗೊತ್ತಿಲ್ಲದ್ದು ಬೇರೆ. ಪೈಥಾನ್‌ನ ಮಲ್ಟಿಪ್ರೊಸೆಸಿಂಗ್‌ನಲ್ಲಿ ಫೋರ್ಕ್ ವಿಧಾನದಿಂದ, ಅಂದರೆ ತಾಯಿ ಪ್ರೊಸೆಸ್‌ನ ಪ್ರತಿಯಾಗಿ, ಹುಟ್ಟಿದ ಮಕ್ಕಳು ಪ್ರೊಸೆಸ್‌ಗಳು ಕೆಲಸ ಮುಗಿದ ಮೇಲೆ ಅಂಡರ್‌ಸ್ಕೋರ್ ಎಕ್ಸಿಟ್ ಮೂಲಕ ನೇರವಾಗಿ ಹೊರಟುಬಿಡುತ್ತವೆ. ಮುಗಿಯುವಾಗ ಮಾಡಬೇಕಾದ ಸಿ ಮಟ್ಟದ ಕೆಲಸಗಳನ್ನು ಮಾಡುವುದೇ ಇಲ್ಲ. ನಮ್ಮ ಪರಿವರ್ತನೆಯೆಲ್ಲ ಆಗುತ್ತಿದ್ದದ್ದು ಈ ಮಕ್ಕಳು ಪ್ರೊಸೆಸ್‌ಗಳಲ್ಲಿ. ನಾಲ್ಕು ಪ್ರೊಸೆಸ್ ಸೇರಿ ಸಾವಿರಾರು ಪುಟ ಓದುತ್ತಿದ್ದವು, ಒಂದು ಎಣಿಕೆಯನ್ನೂ ಬರೆಯದೆ ಎದ್ದು ಹೋಗುತ್ತಿದ್ದವು. ಎಲ್ಲೂ ಎರರ್ ಇಲ್ಲ, ಎಚ್ಚರಿಕೆ ಇಲ್ಲ.

ಸುಲಭದ ಪರಿಹಾರ, ಟ್ರೈನಿಂಗ್ ರನ್ನನ್ನು ಒಂದೇ ಪ್ರೊಸೆಸ್‌ನಲ್ಲಿ ಓಡಿಸುವುದು. ಸಾಧ್ಯ ಇದ್ದರೆ ಅದನ್ನೇ ಮಾಡಿ. ಸಾಧ್ಯ ಇಲ್ಲದಿದ್ದರೆ ಜಿಸಿಒವಿ ಡಂಪ್ ಎಂಬ ಫಂಕ್ಷನ್ ಇದೆ. ಹೆಸರಿನ ಶುರುವಿನಲ್ಲಿ ಎರಡು ಅಂಡರ್‌ಸ್ಕೋರ್ ಇರುತ್ತದೆ. ಅದನ್ನು ಕರೆದರೆ ಆ ಕ್ಷಣದ ಎಣಿಕೆ ಕಡತಕ್ಕೆ ಇಳಿಯುತ್ತದೆ. ಹಳೆಯ ಲೇಖನಗಳಲ್ಲಿ ಜಿಸಿಒವಿ ಫ್ಲಶ್ ಎಂದು ಇರುತ್ತದೆ, ಅದನ್ನು ಜಿಸಿಸಿ 11ರಲ್ಲಿ ತೆಗೆದುಹಾಕಿದ್ದಾರೆ.

ಇಲ್ಲಿ ಲೈಬ್ರರಿಯವರಿಗೆ ಇನ್ನೊಂದು ತೊಡಕಿದೆ. ಎಣಿಕೆ ಬರೆಯುವ ಕೋಡು ಪ್ರತಿ ಶೇರ್ಡ್ ಲೈಬ್ರರಿಯ ಒಳಗೂ ಬೇರೆ ಬೇರೆಯಾಗಿ ಸೇರಿಕೊಂಡಿರುತ್ತದೆ. ಹೊರಗಿನ ಪ್ರೋಗ್ರಾಮಿನಿಂದ ಡಂಪ್ ಕರೆದರೆ ಆ ಪ್ರೋಗ್ರಾಮಿನ ಎಣಿಕೆ ಮಾತ್ರ ಇಳಿಯುತ್ತದೆ, ನಿಮ್ಮ ಲೈಬ್ರರಿಯದ್ದು ಇಳಿಯುವುದಿಲ್ಲ. ಹಾಗಾಗಿ ನಿಮ್ಮ ಲೈಬ್ರರಿಯ ಒಳಗೇ ಒಂದು ಪುಟ್ಟ ಫಂಕ್ಷನ್ ಬರೆದು, ಅದರಿಂದ ಡಂಪ್ ಕರೆಸಿ, ಆ ಪುಟ್ಟ ಫಂಕ್ಷನನ್ನು ಹೊರಗೆ ಕಾಣುವ ಹಾಗೆ ಇಡಿ. ಪೈಥಾನ್‌ನಿಂದ ಕೆಲಸದ ಕೊನೆಗೆ ಅದನ್ನು ಕರೆಯಿರಿ. ಫೋರ್ಕ್ ಆದ ಮಗು ಪ್ರೊಸೆಸ್ ತಾಯಿಯ ಎಣಿಕೆಯನ್ನೂ ಹೊತ್ತುಕೊಂಡೇ ಹುಟ್ಟುತ್ತದೆ ಅನ್ನುವುದು ನೆನಪಿರಲಿ. ಮಗು ಶುರುವಾದ ಕೂಡಲೇ ಜಿಸಿಒವಿ ರೀಸೆಟ್ ಕರೆಯದಿದ್ದರೆ ತಾಯಿಯ ಎಣಿಕೆ ಪ್ರತಿ ಮಗುವಿನ ಲೆಕ್ಕದಲ್ಲೂ ಸೇರಿಕೊಳ್ಳುತ್ತದೆ.

ಪರ್ಮಿಶನ್ ಕೂಡ ನೋಡಿ. ಜಿಸಿಸಿ ಬೇರೆ ಏನೂ ಹೇಳದಿದ್ದರೆ ಬಿಲ್ಡ್ ಮಾಡಿದ ಫೋಲ್ಡರಿಗೇ ಎಣಿಕೆ ಬರೆಯಲು ಹೋಗುತ್ತದೆ. ಆ ಫೋಲ್ಡರಿನ ಪೂರ್ತಿ ದಾರಿ ಲೈಬ್ರರಿಯೊಳಗೆ ಬರೆದಿರುತ್ತದೆ. ಸರ್ವಿಸ್ ಬೇರೆ ಯೂಸರ್ ಹೆಸರಲ್ಲಿ ಓಡುತ್ತಿದ್ದರೆ, ಅಥವಾ ಬೇರೆ ಯಂತ್ರದಲ್ಲಿ ಓಡುತ್ತಿದ್ದರೆ, ಅಲ್ಲಿ ಬರೆಯಲು ಆಗುವುದಿಲ್ಲ. ಕಡತ ತೆರೆಯಲಾಗಲಿಲ್ಲ ಎಂಬ ಸಾಲು ಎರರ್ ಔಟ್‌ಪುಟ್‌ಗೆ ಹೋಗುತ್ತದೆ, ಸರ್ವಿಸ್ ಲಾಗಿನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಜಿಸಿಒವಿ ಪ್ರಿಫಿಕ್ಸ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ ಬರೆಯಲು ಬರುವ ಫೋಲ್ಡರ್ ಕೊಟ್ಟರೆ ಸರಿಹೋಗುತ್ತದೆ.

ಹಾಗೇ, ಪ್ರತಿ ಟ್ರೈನಿಂಗ್‌ಗೆ ಮೊದಲು ಹಳೆಯ ಜಿಸಿಡಿಎಗಳನ್ನು ಅಳಿಸಿ. ಅದೇ ಬಿಲ್ಡನ್ನು ಮತ್ತೆ ಓಡಿಸಿದರೆ ಹೊಸ ಎಣಿಕೆ ಹಳೆಯದರ ಮೇಲೆ ಕೂಡಿಕೊಳ್ಳುತ್ತದೆ. ನೀವು ಸುಮ್ನೆ ಪರೀಕ್ಷೆಗೆಂದು ಓಡಿಸಿದ್ದೂ ಲೆಕ್ಕದಲ್ಲಿ ಉಳಿದುಬಿಡುತ್ತದೆ.

ಹುಟ್ಟಿದ ಕಡತ ಕಂಪೈಲರ್‌ಗೆ ಸಿಕ್ಕಿದೆಯಾ

ಎಣಿಕೆ ಇದೆ, ಸಮಯವೂ ಸರಿ ಇದೆ, ಆದರೂ ಹೊಸ ಬಿಲ್ಡ್‌ನಲ್ಲಿ ಏನೂ ಬದಲಾಗಿಲ್ಲ. ಆಗ ಫೋಲ್ಡರಿನ ಹೆಸರು ನೋಡಿ. ನಾವು ಅಚ್ಚುಕಟ್ಟಾಗಿ ಇರಲಿ ಎಂದು ಎರಡು ಫೋಲ್ಡರ್ ಮಾಡಿದ್ದೆವು, ಎಣಿಕೆಯ ಬಿಲ್ಡ್‌ಗೆ ಒಂದು, ಕೊನೆಯ ಬಿಲ್ಡ್‌ಗೆ ಒಂದು. ಜಿಸಿಸಿ ಎಣಿಕೆಯ ಕಡತವನ್ನು ಹುಡುಕುವುದು ಆಬ್ಜೆಕ್ಟ್ ಕಡತದ (ಒಂದೊಂದು ಕೋಡು ಕಡತ ಕಂಪೈಲ್ ಆಗಿ ಬಂದದ್ದರ) ಹೆಸರು ಮತ್ತು ದಾರಿ ಹಿಡಿದು. ದಾರಿ ಬದಲಾದರೆ ಸಿಗುವುದಿಲ್ಲ. ಸಿಗದಿದ್ದರೂ ಬಿಲ್ಡ್ ನಿಲ್ಲುವುದಿಲ್ಲ, ಪ್ರೊಫೈಲ್ ಇಲ್ಲದೆ ಮುಂದುವರಿಯುತ್ತದೆ.

ಡಬ್ಲ್ಯೂ-ಮಿಸಿಂಗ್-ಪ್ರೊಫೈಲ್ ಎಂಬ ಎಚ್ಚರಿಕೆಯನ್ನು ಯಾವಾಗಲೂ ಹಾಕಿಡಿ. ಯಾವ ಕಡತಕ್ಕೆ ಎಣಿಕೆ ಸಿಗಲಿಲ್ಲ ಎಂದು ಅದು ಹೆಸರು ಹಿಡಿದು ಹೇಳುತ್ತದೆ. ನಾವು ಇದನ್ನು ಹಾಕಿದ ಕೂಡಲೇ ಪರದೆ ತುಂಬ ಸಾಲುಗಳು ಬಂದವು. ನಿಜ ಹೇಳಬೇಕೆಂದರೆ, ನೋಡಿ ಖುಷಿಯಾಯಿತು. ಕಾಣದ ದೋಷ ಕಣ್ಣಿಗೆ ಬಿತ್ತಲ್ಲ! ಈಗ ಒಂದೇ ಫೋಲ್ಡರಿನಲ್ಲಿ ಎರಡೂ ಬಿಲ್ಡ್ ಮಾಡುತ್ತೇವೆ. ನಡುವೆ ಆಬ್ಜೆಕ್ಟ್ ಕಡತಗಳನ್ನು ಅಳಿಸುತ್ತೇವೆ, ಜಿಸಿಡಿಎ ಮುಟ್ಟುವುದಿಲ್ಲ. ಕ್ಲೀನ್ ಕಮಾಂಡ್ ಜಿಸಿಡಿಎಯನ್ನೂ ಅಳಿಸುವ ಹಾಗೆ ಬರೆದಿದ್ದರೆ ಎಚ್ಚರ.

ಸಿಕ್ಕಿದ್ದು ಈ ಕೋಡಿನದ್ದೇನಾ

ಎಣಿಕೆ ತೆಗೆದ ಮೇಲೆ ಕೋಡು ಬದಲಾಯಿಸಿದರೆ ಆ ಎಣಿಕೆ ಬದಲಾದ ಫಂಕ್ಷನ್‌ಗೆ ಹೊಂದುವುದಿಲ್ಲ. ಜಿಸಿಸಿ ಇದನ್ನು ಕವರೇಜ್ ಮಿಸ್‌ಮ್ಯಾಚ್ ಎಂದು ಹೇಳಿ, ಎರರ್ ಮಾಡಿ ನಿಲ್ಲಿಸುತ್ತದೆ. ಕೆಲವರು ಆ ಎರರನ್ನು ಬಾಯಿ ಮುಚ್ಚಿಸುವ ಫ್ಲ್ಯಾಗ್ ಹಾಕಿ ಮುಂದೆ ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಮತ್ತೆ ಟ್ರೈನಿಂಗ್ ಓಡಿಸಿ. ಎರಡೂ ಬಿಲ್ಡ್‌ಗೆ ಕಂಪೈಲರ್ ಒಂದೇ ಆವೃತ್ತಿಯದ್ದು ಇರಬೇಕು, ಎಷ್ಟು ವೇಗಗೊಳಿಸಬೇಕು ಎಂದು ಹೇಳುವ ಓ2, ಓ3 ಮುಂತಾದ ಫ್ಲ್ಯಾಗ್‌ಗಳೂ ಮ್ಯಾಕ್ರೋಗಳೂ ಒಂದೇ ಇರಬೇಕು. ಎಣಿಕೆಯ ಬಿಲ್ಡ್‌ಗೆ ಮಾತ್ರ ಡಿಬಗ್ ಮ್ಯಾಕ್ರೋ ಹಾಕಿದರೆ ಫಂಕ್ಷನ್‌ನ ಆಕಾರವೇ ಬೇರೆ ಆಗುತ್ತದೆ.

ಲೈಬ್ರರಿಯ ಒಳಗೆ ಥ್ರೆಡ್‌ಗಳು, ಅಂದರೆ ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆಗಳು, ಇದ್ದರೆ ಎಫ್‌ಪ್ರೊಫೈಲ್-ಅಪ್‌ಡೇಟ್‌ಗೆ ಅಟಾಮಿಕ್ ಎಂದು ಕೊಡಿ. ಇಲ್ಲದಿದ್ದರೆ ಎರಡು ಥ್ರೆಡ್ ಒಂದೇ ಕೌಂಟರನ್ನು ಒಟ್ಟಿಗೆ ಹೆಚ್ಚಿಸಲು ಹೋಗಿ ಎಣಿಕೆ ಕಳೆದುಹೋಗುತ್ತದೆ. ಎಣಿಕೆಯ ಬಿಲ್ಡ್ ಇನ್ನಷ್ಟು ನಿಧಾನ ಆಗುತ್ತದೆ, ಆದರೆ ಅದನ್ನು ಯಾರಿಗೂ ಕೊಡುವುದಿಲ್ಲವಲ್ಲ.

ಟ್ರೈನಿಂಗ್ ನಿಜದ ಕೆಲಸದ ಹಾಗಿದೆಯಾ

ಇಲ್ಲಿಯವರೆಗಿನದ್ದು ಎಣಿಕೆ ಕಂಪೈಲರ್‌ಗೆ ತಲುಪುವ ದಾರಿಯ ವಿಷಯ. ಅದನ್ನೆಲ್ಲ ಸರಿಮಾಡಿದ ಮೇಲೆ ನಮ್ಮ ಪರೀಕ್ಷೆಯ ಕಡತಗಳ ಮೇಲೆ ಲೈಬ್ರರಿ ಚೆನ್ನಾಗಿ ಓಡಿತು. ಸಂತೋಷದಿಂದ ಒಂದು ಸಹಕಾರ ಸಂಘದ ಹಳೆಯ ಕಡತಗಳಿಗೆ ಹಾಕಿದೆವು. ಅಲ್ಲಿ ಮಾತ್ರ ಪಿಜಿಒ ಇಲ್ಲದ ಬಿಲ್ಡಿಗಿಂತ ನಿಧಾನ. ಈ ಸಲ ಕರೆಂಟ್ ಇತ್ತು, ಅಳತೆ ಸರಿ ಇತ್ತು, ಎಣಿಕೆ ಹೊಂದಿತ್ತು. ಆದರೂ ನಿಧಾನ.

ನಾವು ಟ್ರೈನಿಂಗ್‌ಗೆ ಕೊಟ್ಟಿದ್ದು ಕಥೆ, ಲೇಖನಗಳ ನುಡಿ ಕಡತಗಳು. ತುಂಬ ಒಳ್ಳೆಯ ಕನ್ನಡ, ಸಾಲು ಸಾಲು ಪಠ್ಯ. ಸಂಘದ ಕಡತ ತೆರೆದು ನೋಡಿದರೆ ಬೇರೆಯೇ ಲೋಕ. ಅಡಿಕೆ ಲೆಕ್ಕ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಒಂದೊಂದು ಸಾಲು, ಮುಂದೆ ಕ್ವಿಂಟಾಲ್, ದರ, ಮೊತ್ತ. ಪುಟದ ಅರ್ಧ ಅಂಕಿಗಳು. ನಡುವೆ ಖಾಲಿ ಜಾಗ, ಟ್ಯಾಬ್, ಗೀಟು. ಕೆಲವು ಕಡತ ಶ್ರೀಲಿಪಿಯದ್ದು. ನಮ್ಮ ಟ್ರೈನಿಂಗ್‌ನಲ್ಲಿ ಶ್ರೀಲಿಪಿ ಒಂದು ಪುಟವೂ ಇರಲಿಲ್ಲ. ಏಪ್ರಿಲ್ ವ್ಯಾಪಾರ ನೋಡಿ ಜುಲೈಗೆ ಅಂಗಡಿ ಜೋಡಿಸಿದ್ದೆವು.

ಆದರೆ ಬರೀ ವೇಗ ಸಿಗದಿದ್ದರೆ ಸರಿ, ಮೊದಲಿಗಿಂತ ನಿಧಾನ ಯಾಕೆ? ಇದನ್ನು ಎಲ್ಲರೂ ತಿಳಿದಿರಬೇಕು ಅನ್ನಿಸುತ್ತದೆ. ಟ್ರೈನಿಂಗ್‌ನಲ್ಲಿ ಒಮ್ಮೆಯೂ ಓಡದ ಫಂಕ್ಷನನ್ನು ಜಿಸಿಸಿ ಹಾಗೇ ಬಿಡುವುದಿಲ್ಲ. ಇದು ಯಾರಿಗೂ ಬೇಡದ ಕೋಡು ಎಂದು ತಿಳಿದು, ವೇಗ ಬಿಟ್ಟು, ಗಾತ್ರ ಕಡಿಮೆ ಮಾಡುವ ಹಾಗೆ ಕಂಪೈಲ್ ಮಾಡುತ್ತದೆ. ನಮ್ಮ ಶ್ರೀಲಿಪಿ ಭಾಗ ಪೂರ್ತಿ ಹಾಗೆ ಅಟ್ಟಕ್ಕೆ ಹೋಗಿತ್ತು. ಲೂಪ್‌ಗಳು ಬಿಚ್ಚಿರಲಿಲ್ಲ, ಸಣ್ಣ ಫಂಕ್ಷನ್‌ಗಳನ್ನು ಒಳಗೆ ಸೇರಿಸಿರಲಿಲ್ಲ. ಪ್ರೊಫೈಲ್ ಇಲ್ಲದ ಬಿಲ್ಡ್‌ನಲ್ಲಿ ಅದೇ ಭಾಗಕ್ಕೆ ಮಾಮೂಲಿ ಓ2 ಸಿಗುತ್ತಿತ್ತು.

ಇದಕ್ಕೆ ಎರಡು ದಾರಿ. ಒಂದು, ಎಫ್‌ಪ್ರೊಫೈಲ್-ಪಾರ್ಶಿಯಲ್-ಟ್ರೈನಿಂಗ್ ಎಂಬ ಫ್ಲ್ಯಾಗ್. ಜಿಸಿಸಿ 10ರಿಂದ ಇದೆ. ಇದನ್ನು ಹಾಕಿದರೆ, ಓಡದ ಫಂಕ್ಷನ್‌ಗಳನ್ನು ಪ್ರೊಫೈಲ್ ಇಲ್ಲದವುಗಳ ಹಾಗೆ ಮಾಮೂಲಿಯಾಗಿ ನೋಡುತ್ತದೆ. ಲೈಬ್ರರಿಯ ಗಾತ್ರ ಸ್ವಲ್ಪ ದೊಡ್ಡದಾಗುತ್ತದೆ. ಬೇರೆಯವರು ಹೇಗೆ ಬಳಸುತ್ತಾರೋ ಗೊತ್ತಿಲ್ಲದ ಲೈಬ್ರರಿಗೆ ಇದು ಇರಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಪ್ರೋಗ್ರಾಮ್ ಬರೆಯುವವರಿಗೆ ತಮ್ಮ ಬಳಕೆ ಗೊತ್ತಿರುತ್ತದೆ, ಲೈಬ್ರರಿ ಬರೆಯುವವರಿಗೆ ಅಷ್ಟು ಗೊತ್ತಿರುವುದಿಲ್ಲ.

ಇನ್ನೊಂದು, ಟ್ರೈನಿಂಗ್ ಕಡತಗಳನ್ನೇ ಸರಿ ಮಾಡುವುದು. ಇದು ನಿಜವಾದ ಪರಿಹಾರ. ನಾವು ಬಂದ ಕಡತಗಳನ್ನೆಲ್ಲ ಒಂದು ವಾರ ಕೂತು ವಿಂಗಡಿಸಿದೆವು. ಲೆಕ್ಕದ ಪಟ್ಟಿ, ಸಭೆಯ ನಡಾವಳಿ, ಮದುವೆ ಕಾಗದ, ಪುಸ್ತಕದ ಪುಟ. ನುಡಿ ಎಷ್ಟು, ಶ್ರೀಲಿಪಿ ಎಷ್ಟು. ಪ್ರತಿ ಬಗೆಯಿಂದಲೂ, ಅದು ಎಷ್ಟು ಪಾಲು ಬರುತ್ತದೋ ಅದೇ ಪಾಲಿನಲ್ಲಿ, ಒಂದಿಷ್ಟು ಪುಟ ತೆಗೆದೆವು. ಟ್ರೈನಿಂಗ್ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಪಾಲು ಸರಿ ಇರುವುದು ಮುಖ್ಯ. ಜನರ ಹೆಸರು, ಸಾಲದ ಮೊತ್ತ ಇರುವ ಕಡತಗಳ ಬಗ್ಗೆ ಒಂದು ಮಾತು. ಟ್ರೈನಿಂಗ್ ಆದ ಮೇಲೆ ಆ ಪ್ರತಿಗಳನ್ನು ಅಳಿಸುತ್ತೇವೆ. ಜಿಸಿಡಿಎ ಒಳಗೆ ಎಣಿಕೆ ಇರುತ್ತದೆ, ಕಡತದ ಪಠ್ಯ ಇರುವುದಿಲ್ಲ.

ನಮ್ಮಲ್ಲಿ ಒಬ್ಬರು, ಇರುವ ಟೆಸ್ಟ್‌ಗಳನ್ನೇ ಟ್ರೈನಿಂಗ್‌ಗೆ ಓಡಿಸಿದರೆ ಸಾಕಲ್ಲ ಅಂದರು. ಬೇಡ ಅಂದೆ. ಟೆಸ್ಟ್ ಬರೆಯುವುದು ಅಪರೂಪದ ತೊಂದರೆ ಹಿಡಿಯಲು. ಅಲ್ಲಿ ಞಕಾರದ ಒತ್ತು ಒಂದು ಸಲ ಬಂದರೆ ನಕಾರದ ಒತ್ತೂ ಒಂದೇ ಸಲ ಬರುತ್ತದೆ. ಕಂಪೈಲರ್‌ಗೆ ಎರಡೂ ಸಮ ಎಂದು ಕಾಣುತ್ತದೆ. ಪೈಥಾನ್ ಮಾತ್ರ ಇದಕ್ಕೆ ಹೊರತು. ಅದನ್ನು ಎನೇಬಲ್-ಆಪ್ಟಿಮೈಸೇಶನ್ಸ್ ಎಂದು ಕೊಟ್ಟು ಕಟ್ಟಿದರೆ ಅದು ತನ್ನ ಟೆಸ್ಟ್‌ಗಳಲ್ಲೇ ಆಯ್ದ ಕೆಲವನ್ನು ಓಡಿಸಿ ಪಿಜಿಒ ಮಾಡಿಕೊಳ್ಳುತ್ತದೆ. ಅಲ್ಲಿ ಯಾವ ಟೆಸ್ಟ್ ಓಡಿದರೂ ಬೈಟ್‌ಕೋಡ್ ಓಡಿಸುವ ಒಂದೇ ದೊಡ್ಡ ಲೂಪ್ ಬಿಸಿಯಾಗುತ್ತದೆ. ನಮ್ಮ ಲೈಬ್ರರಿಯ ಆಕಾರ ಹಾಗಿಲ್ಲ.

ಟ್ರೈನಿಂಗ್ ಮತ್ತು ನಿಜದ ಕೆಲಸ ಎಷ್ಟು ಹೊಂದುತ್ತವೆ ಎಂದು ಅಂಕಿಯಲ್ಲಿ ನೋಡಲು ಒಂದು ಸಾಧನ ಇದೆ, ಅದು ಯಾಕೋ ಜನರಿಗೆ ಅಷ್ಟು ಗೊತ್ತಿಲ್ಲ. ಜಿಸಿಸಿ ಜೊತೆಗೇ ಜಿಸಿಒವಿ-ಟೂಲ್ ಬರುತ್ತದೆ. ಅದಕ್ಕೆ ಓವರ್‌ಲ್ಯಾಪ್ ಎಂದು ಹೇಳಿ, ಎರಡು ಪ್ರೊಫೈಲ್ ಫೋಲ್ಡರ್ ಕೊಟ್ಟರೆ ಅವು ಎಷ್ಟು ಹೊಂದುತ್ತವೆ ಎಂದು ತಿಳಿಸುತ್ತದೆ. ಟ್ರೈನಿಂಗ್ ಕಡತಗಳಿಂದ ಒಂದು ಎಣಿಕೆ, ನಿಜದ ಕಡತಗಳಿಂದ ಇನ್ನೊಂದು ಎಣಿಕೆ ತೆಗೆದು ಎರಡನ್ನೂ ಹೋಲಿಸಿ. ಅದೇ ಟೂಲ್‌ನ ಮರ್ಜ್‌ನಿಂದ ಎರಡು ಪ್ರೊಫೈಲ್‌ಗಳನ್ನು ತೂಕ ಕೊಟ್ಟು ಕೂಡಿಸಲೂ ಬರುತ್ತದೆ. ಶ್ರೀಲಿಪಿ ಕಡತಗಳು ಕಡಿಮೆ ಸಿಕ್ಕಾಗ ನಾವು ಹಾಗೆ ತೂಕ ಹೆಚ್ಚಿಸಿ ಕೂಡಿಸಿದ್ದೇವೆ.

ಪಿಜಿಒ ಕೈಗೆ ಸಿಗದ ಜಾಗ

ಎಲ್ಲ ಸರಿಯಾದ ಮೇಲೂ ಒಟ್ಟು ಸಮಯ ಅಷ್ಟೇನೂ ಇಳಿಯದಿದ್ದರೆ, ಸಮಯ ನಿಮ್ಮ ಲೈಬ್ರರಿಯಲ್ಲಿ ಹೋಗುತ್ತಲೇ ಇಲ್ಲದಿರಬಹುದು. ಪರ್ಫ್ ರೆಕಾರ್ಡ್ ಮಾಡಿ, ಪರ್ಫ್ ರಿಪೋರ್ಟ್ ನೋಡಿ. ಪಿಜಿಒ ಮುಟ್ಟುವುದು ನೀವು ಆ ಫ್ಲ್ಯಾಗ್ ಹಾಕಿ ಕಂಪೈಲ್ ಮಾಡಿದ ಕೋಡನ್ನು ಮಾತ್ರ. ಸಿಸ್ಟಂನ ಲೈಬ್ರರಿ, ಡಿಸ್ಕಿನಿಂದ ಓದುವ ಸಮಯ, ಕೈಯಲ್ಲಿ ಬರೆದ ಅಸೆಂಬ್ಲಿ ಇವೆಲ್ಲ ಅದರ ಆಚೆ. ಮೆಮೊರಿಯಿಂದ ಡೇಟಾ ಬರಲಿ ಎಂದು ಕಾಯುತ್ತಿರುವ ಸರಳ ಲೂಪಿಗೂ ಪಿಜಿಒ ಹೆಚ್ಚು ಏನೂ ಮಾಡಲಾರದು. ಅಲ್ಲಿ ಕವಲೇ ಇಲ್ಲವಲ್ಲ.

ನಮ್ಮಲ್ಲಿ ಪರ್ಫ್ ತೋರಿಸಿದ್ದು ಬೇರೆ. ಪೈಥಾನ್ ಕೋಡು ಒಂದೊಂದು ಪದಕ್ಕೂ ಲೈಬ್ರರಿಯನ್ನು ಕರೆಯುತ್ತಿತ್ತು. ಪದ ಬದಲಾಯಿಸುವುದಕ್ಕಿಂತ, ಪದವನ್ನು ಆ ಕಡೆಯಿಂದ ಈ ಕಡೆ ಸಾಗಿಸಿ ಹೊಸ ಸ್ಟ್ರಿಂಗ್ ಮಾಡುವುದಕ್ಕೇ ಜಾಸ್ತಿ ಸಮಯ ಹೋಗುತ್ತಿತ್ತು. ಒಂದು ಸಲಕ್ಕೆ ಇಡೀ ಪುಟ ಕೊಡುವ ಹಾಗೆ ಬದಲಾಯಿಸಿದೆವು. ಇನ್ನೊಂದು, ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಯುನಿಕೋಡ್ ಸಂಕೇತಕ್ಕೆ 3 ಬೈಟ್ ಬೇಕು. ಒತ್ತಕ್ಷರಕ್ಕೆ ವಿರಾಮದ ಸಂಕೇತವೂ ಸೇರುತ್ತದೆ. ಹಾಗಾಗಿ ಬರುವ ಪಠ್ಯಕ್ಕಿಂತ ಹೋಗುವ ಪಠ್ಯ ದೊಡ್ಡದು. ನಾವು ಮೊದಲೇ ಜಾಗ ಕಾದಿರಿಸಿರಲಿಲ್ಲ, ಬಫರ್ ಮತ್ತೆ ಮತ್ತೆ ಬೆಳೆಯುತ್ತಿತ್ತು. ಈ ಎರಡು ಬದಲಾವಣೆಯಿಂದ ಸಿಕ್ಕ ಲಾಭ ಪಿಜಿಒ ಕೊಟ್ಟಿದ್ದಕ್ಕಿಂತ ಹೆಚ್ಚು. ಅವನ್ನು ಮಾಡಿದ ಮೇಲೆ ಕವಲುಗಳ ಕೋಡೇ ದೊಡ್ಡ ಪಾಲಾಗಿ ಉಳಿಯಿತು, ಆಗ ಪಿಜಿಒ ಕೊಟ್ಟ ವೇಗವೂ ಎದ್ದು ಕಂಡಿತು. ಮತ್ತೆ ಶುರು ಮಾಡುವುದಾದರೆ ನಾನು ಪರ್ಫ್ ರಿಪೋರ್ಟ್ ನೋಡದೆ ಪಿಜಿಒ ಕಡೆ ಹೋಗುವುದಿಲ್ಲ.

ಕ್ಲ್ಯಾಂಗ್ ಬಳಸುವವರಿಗೆ

ಕ್ಲ್ಯಾಂಗ್‌ನಲ್ಲಿ ಎಣಿಕೆ ಪ್ರೊಫ್‌ರಾ ಕಡತದಲ್ಲಿ ಇಳಿಯುತ್ತದೆ. ಅದನ್ನು ಎಲ್‌ಎಲ್‌ವಿಎಂ-ಪ್ರೊಫ್‌ಡೇಟಾ ಸಾಧನದಿಂದ ಕೂಡಿಸಿ, ಬಂದ ಕಡತವನ್ನು ಕಂಪೈಲರ್‌ಗೆ ಕೊಡಬೇಕು. ಇಲ್ಲಿ ಸಾಮಾನ್ಯ ದೋಷ ಎಂದರೆ, ಎಫ್‌ಪ್ರೊಫೈಲ್-ಇನ್‌ಸ್ಟ್ರ್-ಜನರೇಟ್ ಹಾಕಿ ಕಡತದ ಹೆಸರು ಹೇಳದಿದ್ದರೆ ಎಲ್ಲ ಪ್ರೊಸೆಸ್‌ಗಳೂ ಡಿಫಾಲ್ಟ್ ಎಂಬ ಒಂದೇ ಹೆಸರಿನ ಕಡತಕ್ಕೆ ಬರೆಯುತ್ತವೆ. ಕೊನೆಗೆ ಬರೆದವರ ಎಣಿಕೆ ಮಾತ್ರ ಉಳಿಯುತ್ತದೆ. ಎಲ್‌ಎಲ್‌ವಿಎಂ ಪ್ರೊಫೈಲ್ ಫೈಲ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ ಕಡತದ ಹೆಸರಿಗೆ ಪರ್ಸೆಂಟ್ ಪಿ ಸೇರಿಸಿದರೆ ಪ್ರತಿ ಪ್ರೊಸೆಸ್‌ಗೂ ಬೇರೆ ಕಡತ ಹುಟ್ಟುತ್ತದೆ. ಪರ್ಸೆಂಟ್ ಎಂ ಕೊಟ್ಟರೆ ಅವೇ ಕೂಡಿಕೊಳ್ಳುತ್ತವೆ. ಪ್ರೊಫ್‌ಡೇಟಾ ಸಾಧನ ಮತ್ತು ಕಂಪೈಲರ್ ಒಂದೇ ಆವೃತ್ತಿಯವು ಇರಲಿ, ಇಲ್ಲದಿದ್ದರೆ ಕಡತ ಓದಲು ಬರುವುದಿಲ್ಲ ಎನ್ನಬಹುದು. ಮಕ್ಕಳು ಪ್ರೊಸೆಸ್‌ಗಳ ತೊಂದರೆ ಇಲ್ಲೂ ಇದೆ, ಪ್ರೊಫೈಲ್ ರೈಟ್ ಫೈಲ್ ಎಂಬ ಫಂಕ್ಷನನ್ನು ಲೈಬ್ರರಿಯ ಒಳಗಿನಿಂದ ಕರೆಯಬೇಕು. ಓವರ್‌ಲ್ಯಾಪ್ ನೋಡುವ ಸೌಲಭ್ಯ ಪ್ರೊಫ್‌ಡೇಟಾದಲ್ಲೂ ಇದೆ.

ಕೌಂಟರ್ ಕೂರಿಸಿದ ಬಿಲ್ಡನ್ನು ಓಡಿಸಲು ಆಗದ ಜಾಗಕ್ಕೆ ಆಟೋಎಫ್‌ಡಿಒ ಎಂಬ ಇನ್ನೊಂದು ದಾರಿ ಇದೆ, ಅದು ಪರ್ಫ್ ತೆಗೆದ ಸ್ಯಾಂಪಲ್‌ಗಳಿಂದ ಪ್ರೊಫೈಲ್ ಮಾಡುತ್ತದೆ. ಕಟ್ಟಿ ಮುಗಿದ ಲೈಬ್ರರಿಯ ಕೋಡನ್ನೇ ಮತ್ತೆ ಜೋಡಿಸುವ ಬೋಲ್ಟ್ ಕೂಡ 2022ರಿಂದ ಕ್ಲ್ಯಾಂಗ್‌ನ ಮೂಲ ಯೋಜನೆಯಾದ ಎಲ್‌ಎಲ್‌ವಿಎಂ ಒಳಗೆ ಸೇರಿದೆ. ಪಿಜಿಒ ಸರಿಯಾಗಿ ನಿಂತ ಮೇಲೆ ಅವನ್ನು ನೋಡಿ, ಮೊದಲೇ ಬೇಡ. ಒಂದರ ದೋಷ ಇನ್ನೊಂದರಲ್ಲಿ ಮುಚ್ಚಿಹೋಗುತ್ತದೆ.

ಈಗ ಪ್ರತಿ ಬಿಡುಗಡೆಗೂ ನಾವು ಹೊಸದಾಗಿ ಎಣಿಕೆ ತೆಗೆಯುತ್ತೇವೆ. ಬಿಲ್ಡ್ ಆದ ಮೇಲೆ ಆಬ್ಜೆಕ್ಟ್ ಕಡತಗಳ ಮೇಲೆ ಆಬ್ಜ್‌ಡಂಪ್ ಕಮಾಂಡ್ ಹಾಕಿ, ಅಪರೂಪದ ಕೋಡು ಕೂರುವ ಟೆಕ್ಸ್ಟ್-ಅನ್‌ಲೈಕ್ಲಿ ಎಂಬ ಭಾಗಕ್ಕೆ ಹೋದ ಫಂಕ್ಷನ್‌ಗಳ ಪಟ್ಟಿ ನೋಡುತ್ತೇವೆ. ಪ್ರೊಫೈಲ್ ಇಲ್ಲದೆಯೂ ಕೆಲವು ಹಾಗೆ ಬರುತ್ತವೆ, ಎರರ್ ಬಂದಾಗ ಮಾತ್ರ ಓಡುವ ಭಾಗಗಳು ಅಲ್ಲಿರುವುದು ಸರಿ. ಆದರೆ ಅಂಕಿ ಓದುವ ಫಂಕ್ಷನ್ನೋ, ಒತ್ತಕ್ಷರ ಜೋಡಿಸುವ ಫಂಕ್ಷನ್ನೋ ಪೂರ್ತಿಯಾಗಿ ಅಲ್ಲಿ ಕಂಡರೆ ಟ್ರೈನಿಂಗ್ ಕಡತಗಳನ್ನು ಮತ್ತೆ ತೆರೆಯುತ್ತೇವೆ. ಮೊನ್ನೆ ಸಾಗರದ ಒಬ್ಬ ಡಿಟಿಪಿಯವರು ಫೋನ್ ಮಾಡಿ, "ಎಂತ ಮಾರಾಯ್ರೇ, ಆಕೃತಿ ಫಾಂಟಿಂದು ಒಂದು ಪೆನ್‌ಡ್ರೈವ್ ತುಂಬ ಇದೆ, ಅದೂ ಆಗುತ್ತಾ?" ಎಂದು ಕೇಳಿದರು. ಆ ಫಾಂಟಿನ ಯಾವ ತುಂಡಿಗೆ ಯಾವ ಯುನಿಕೋಡ್ ಅಕ್ಷರ ಎಂಬ ಪಟ್ಟಿ ಬರೆಯುವ ಕೆಲಸ ಈಗ ನಡೆಯುತ್ತಿದೆ. ಆ ಪೆನ್‌ಡ್ರೈವ್‌ನಿಂದ ನೂರು ಪುಟ ಟ್ರೈನಿಂಗ್ ಫೋಲ್ಡರಿಗೆ ಆಗಲೇ ಎತ್ತಿಟ್ಟಿದ್ದೇವೆ.